ಐವತ್ತು ಕಿಲೋಮೀಟರಿನ ಆಚೆಯ ವಾರಂಟಿ

ಹಳೇ ಕಾರು ಕೊಳ್ಳಲು ಹೋದವರು ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟನೇ ಓನರ್ ಎಂದು ಕೇಳುತ್ತಾರೆ. ಟೈರಿಗೆ ಒದ್ದು ನೋಡುತ್ತಾರೆ. ವಾರಂಟಿ ಎಷ್ಟು ತಿಂಗಳು ಎಂದೂ ವಿಚಾರಿಸುತ್ತಾರೆ. ಆ ವಾರಂಟಿ ನಡೆಯುವ ವರ್ಕ್‌ಶಾಪ್ ನಮ್ಮ ಮನೆಯಿಂದ ಎಷ್ಟು ದೂರ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಶಿಕಾರಿಪುರದಲ್ಲಿ ಇರುವ ನಮ್ಮಂಥವರಿಗೆ ದುಡ್ಡು ಹೋಗುವುದು ಅಲ್ಲೇ.

2023ರಲ್ಲಿ ಶುಂಠಿ ರೇಟು ಮೇಲೇರಿ ಬೆಳೆಗಾರರ ಕೈಯಲ್ಲಿ ದುಡ್ಡಾಡಿತಲ್ಲ, ಆಗ ನಮ್ಮ ಕಡೆ ಬೆಂಗಳೂರು ನಂಬರಿನ ಹಳೇ ಕಾರುಗಳು ಕಣ್ಣಿಗೆ ಬೀಳುವಷ್ಟು ಹೆಚ್ಚಾದವು. ಉಡುಗಣಿ, ಶಿರಾಳಕೊಪ್ಪ, ಆನವಟ್ಟಿ, ಎಲ್ಲಿ ನೋಡಿದರೂ ಕೆಎ-03, ಕೆಎ-05. ನಮ್ಮ ಮನೆಗೆ ಬಂದದ್ದೂ ಅಂಥದ್ದೇ. ಆನ್‌ಲೈನಿನಲ್ಲಿ ಹಳೇ ಕಾರು ಮಾರುವ ಕಂಪನಿಯೊಂದರಿಂದ ಕೊಂಡದ್ದು. ಹೆಸರು ಇಲ್ಲಿ ಬೇಡ. ಪೆಟ್ರೋಲ್ ಗಾಡಿ, ನಾಲ್ಕೂವರೆ ಲಕ್ಷ. ಹೆಂಡತಿಗೆ ಮಂಡಿ ನೋವಿದ್ದದ್ದರಿಂದ ಕ್ಲಚ್ ತುಳಿಯುವ ಕೆಲಸವಿಲ್ಲದ ಎಎಂಟಿ ಗೇರಿನದು. ಜೊತೆಗೆ ಇನ್ಸ್‌ಪೆಕ್ಷನ್ ರಿಪೋರ್ಟು, ಒಂದು ವರ್ಷದ ವಾರಂಟಿ. ‘ಎಂಜಿನ್ ಮತ್ತು ಗೇರ್‌ಬಾಕ್ಸ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು.

ಎಎಂಟಿ ಎಂದರೆ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ಚೇ. ಕಾಲು ಮಾಡುವ ಕೆಲಸವನ್ನೂ ಕೈ ಮಾಡುವ ಕೆಲಸವನ್ನೂ ಆಕ್ಚುಯೇಟರ್ ಎಂಬ ಒಂದು ಸಾಧನ ಕಂಪ್ಯೂಟರಿನ ಮಾತು ಕೇಳಿ ಮಾಡುತ್ತದೆ. ನಮ್ಮ ಗಾಡಿಯದು ಆಯಿಲ್ ಒತ್ತಡದಲ್ಲಿ ನಡೆಯುವಂಥದ್ದು. ಆ ಒತ್ತಡ ಇಳಿದರೆ ಗೇರು ಬೀಳುವುದಿಲ್ಲ. ಶಿರಾಳಕೊಪ್ಪ ದಾಟಿ ಸೊರಬದ ರಸ್ತೆಯಲ್ಲಿ ಹೋಗುವಾಗ ಗಾಡಿ ನ್ಯೂಟ್ರಲ್‌ಗೆ ಜಾರಿ ನಿಂತಿತು. ಎಂಜಿನ್ ಓಡುತ್ತಲೇ ಇದೆ, ಗಾಡಿ ಮಾತ್ರ ಕದಲುತ್ತಿಲ್ಲ. ಶಿರಾಳಕೊಪ್ಪದ ಗ್ಯಾರೇಜಿನ ಭಾಯ್ ಬಂದು ಬಾನೆಟ್ ಎತ್ತಿ ನೋಡಿ, ‘ಸಾರ್, ಕ್ಲಚ್ ಪ್ಲೇಟು ಬದಲಾಯಿಸೋದು ನನಗೆ ಅರ್ಧ ದಿನದ ಕೆಲಸ. ಆದ್ರೆ ಹೊಸ ಪ್ಲೇಟು ಎಲ್ಲಿ ಕಚ್ಚುತ್ತೆ ಅಂತ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಕಲಿಸ್ಬೇಕು. ಅದು ನಮ್ಮತ್ರ ಇಲ್ಲ. ಮೇಲಾಗಿ ನಾನು ಬಿಚ್ಚಿದ್ರೆ ನಿಮ್ಮ ವಾರಂಟಿ ಹೋಗುತ್ತೆ’ ಎಂದರು. ಕಂಪನಿಯ ಯಾವ ಮ್ಯಾನೇಜರೂ ವಾರಂಟಿಯ ಷರತ್ತನ್ನು ಇಷ್ಟು ಸ್ಪಷ್ಟವಾಗಿ ನನಗೆ ಹೇಳಿರಲಿಲ್ಲ.

ಕಂಪನಿಯ ಪಟ್ಟಿಯಲ್ಲಿದ್ದ ಹತ್ತಿರದ ವರ್ಕ್‌ಶಾಪ್ ಶಿವಮೊಗ್ಗದಲ್ಲಿ. ಶಿಕಾರಿಪುರದಿಂದಲೇ ಐವತ್ತು ಕಿಲೋಮೀಟರಿಗೆ ಮೇಲೆ. ಗಾಡಿ ನಿಂತದ್ದು ಅದಕ್ಕೂ ಆಚೆ. ಎಳೆಸಿಕೊಂಡು ಹೋಗುವ ಖರ್ಚು ವಾರಂಟಿಯಲ್ಲಿ ಇಲ್ಲ. ಅಲ್ಲಿ ಸ್ಕ್ಯಾನರ್ ಹಾಕಿ ಎರರ್ ಅಳಿಸಿ, ಜಾಬ್ ಕಾರ್ಡಿನಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಕಳಿಸಿದರು. ಸ್ವಲ್ಪ ದಿನ ಚೆನ್ನಾಗಿ ಓಡಿ ಮತ್ತೆ ಅದೇ ಕಥೆ. ಈ ಸಲ ಆಯಿಲ್ ಬದಲಾಯಿಸಿದರು. ಆಮೇಲೆ ಅಸಲು ಮಾತು ಹೊರಬಂತು: ಆಕ್ಚುಯೇಟರ್ ಹೋಗಿದೆ, ಐವತ್ತು ಸಾವಿರದ ಮೇಲೆ ಆಗುತ್ತದೆ, ಕ್ಲಚ್ ಸವೆದದ್ದರಿಂದ ಅದರ ಮೇಲೆ ಭಾರ ಬಿದ್ದಿದೆ, ಕ್ಲಚ್ ಸವೆಯುವ ಭಾಗ, ವಾರಂಟಿಗೆ ಬರುವುದಿಲ್ಲ, ಹಾಗಾಗಿ ಆಕ್ಚುಯೇಟರೂ ಬರುವುದಿಲ್ಲ.

ಈ ವಾದದ ಜಾಣತನ ನೋಡಿ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಟೈರು, ಬ್ಯಾಟರಿ, ಸಸ್ಪೆನ್ಷನ್ ಬುಶ್ ಇವೆಲ್ಲ ಸವೆಯುವ ವಸ್ತುಗಳು, ಯಾವ ವಾರಂಟಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ, ಸರಿ. ಆದರೆ ಹಳೇ ಕಾರಿನಲ್ಲಿ ದೊಡ್ಡ ಭಾಗ ಯಾವುದು ಕೆಟ್ಟರೂ ಅದರ ಪಕ್ಕದಲ್ಲಿ ಸವೆದ ಸಣ್ಣ ಭಾಗವೊಂದು ಸಿಕ್ಕೇ ಸಿಗುತ್ತದೆ. ದೂರನ್ನು ಅದರ ತಲೆಗೆ ಕಟ್ಟಿದರೆ ವಾರಂಟಿ ಕಾಗದದಲ್ಲೇ ಉಳಿಯುತ್ತದೆ.

ಅನೇಕರು ಈ ಹಂತದಲ್ಲಿ ಇನ್ಶೂರೆನ್ಸ್ ಕಡೆ ನೋಡುತ್ತಾರೆ. ಮೋಟಾರು ವಿಮೆ ಅಪಘಾತಕ್ಕೆ, ಕಳವಿಗೆ, ನೆರೆ-ಬೆಂಕಿಗೆ. ಯಂತ್ರ ತಾನಾಗಿ ಕೆಟ್ಟರೆ ಬರುವುದಿಲ್ಲ. ವಿಮೆಯ ಜೊತೆ ಸಿಗುವ ರೋಡ್‌ಸೈಡ್ ಅಸಿಸ್ಟೆನ್ಸ್ ಮಾತ್ರ ನಮ್ಮಂಥ ಊರಿಗೆ ದುಡ್ಡಿಗೆ ತಕ್ಕದ್ದು. ಅದರಲ್ಲೂ ಎಷ್ಟು ಕಿಲೋಮೀಟರ್‌ವರೆಗೆ ಎಳೆಯುತ್ತಾರೆ ಎಂಬ ಮಿತಿ ಓದಿಕೊಂಡೇ ತೆಗೆದುಕೊಳ್ಳಬೇಕು.

ನನ್ನ ಕೈ ಹಿಡಿದದ್ದು ಮಾರುವಾಗ ಕಂಪನಿಯೇ ಕೊಟ್ಟಿದ್ದ ಇನ್ಸ್‌ಪೆಕ್ಷನ್ ರಿಪೋರ್ಟು. ಅದರಲ್ಲಿ ಕ್ಲಚ್ಚಿನ ಮುಂದೆ ‘ಉತ್ತಮ’ ಎಂದಿತ್ತು. ಕೆಲವೇ ತಿಂಗಳ ಹಿಂದೆ ಉತ್ತಮವಾಗಿದ್ದ ಕ್ಲಚ್ಚು ಈಗ ಆಕ್ಚುಯೇಟರನ್ನೇ ಕೊಲ್ಲುವಷ್ಟು ಸವೆದಿದ್ದು ಹೇಗೆ? ಒಂದೋ ಅಂದಿನ ರಿಪೋರ್ಟು ಸುಳ್ಳು, ಇಲ್ಲವೇ ಇಂದಿನ ಕಾರಣ ಸುಳ್ಳು. ಫೋನಿನಲ್ಲಿ ಕೂಗಾಡುವುದನ್ನು ಬಿಟ್ಟು ಇದೊಂದೇ ಪ್ರಶ್ನೆಯನ್ನು ಇಮೇಲಿನಲ್ಲಿ ಬರೆದೆ. ಜೊತೆಗೆ ಎಲ್ಲ ಜಾಬ್ ಕಾರ್ಡುಗಳು, ಡ್ಯಾಶ್‌ಬೋರ್ಡಿನಲ್ಲಿ ‘ಎನ್’ ಮಿನುಗುವ ವಿಡಿಯೊ. ಜಾಬ್ ಕಾರ್ಡಿನ ವಿಷಯದಲ್ಲಿ ಒಂದು ಮಾತು: ‘ಜನರಲ್ ಚೆಕಪ್’ ಎಂದು ಬರೆಯಲು ಬಿಡಬೇಡಿ. ‘ಓಡುವಾಗ ಗೇರು ಬಿಟ್ಟು ನ್ಯೂಟ್ರಲ್‌ಗೆ ಬರುತ್ತದೆ, ಇದೇ ದೂರು ಮೊದಲೂ ಕೊಟ್ಟಿದೆ’ ಎಂದು ನಿಮ್ಮ ಮಾತಿನಲ್ಲೇ ಬರೆಸಿ, ಆಮೇಲೆ ಸಹಿ ಹಾಕಿ.

ಜಗಳಕ್ಕೆ ಬೆಂಗಳೂರಿಗೆ ಹೋಗಬೇಕಲ್ಲ ಎಂಬ ಅಂಜಿಕೆಯಲ್ಲೇ ಎಷ್ಟೋ ಜನ ಕೈ ಚೆಲ್ಲುತ್ತಾರೆ. ಒಪ್ಪಂದದ ಕೊನೇ ಪುಟದಲ್ಲಿ ಬೆಂಗಳೂರಿನ ನ್ಯಾಯಾಲಯ, ಮಧ್ಯಸ್ಥಿಕೆ ಎಂದೆಲ್ಲ ಬರೆದಿರುತ್ತದೆ ನಿಜ. ಆದರೆ 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗೆ ಅದು ಶಿವಮೊಗ್ಗದ ಜಿಲ್ಲಾ ಆಯೋಗ. ಮಧ್ಯಸ್ಥಿಕೆಯ ಷರತ್ತು ಇದ್ದರೂ ಗ್ರಾಹಕ ದೂರಿಗೆ ಅಡ್ಡಿಯಿಲ್ಲವೆಂಬುದು ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಬೀಳಬೇಕು. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ವಿಡಿಯೊದಲ್ಲಿ ವಿಚಾರಣೆ ಬೇಕೆಂದೂ ಅರ್ಜಿ ಹಾಕಿಕೊಳ್ಳಬಹುದು. ಇದೆಲ್ಲ ವ್ಯಾಪಾರಿಯಿಂದ ಕೊಂಡವರಿಗೆ. ಪಕ್ಕದ ಊರಿನ ಮೇಷ್ಟ್ರ ಸ್ವಂತ ಕಾರನ್ನು ನೇರವಾಗಿ ಕೊಂಡರೆ ಈ ಕಾಯ್ದೆಯ ಆಸರೆ ಸಿಗುವುದಿಲ್ಲ.

ಹಾಗೆಂದು ಪೂರ್ತಿ ದುಡ್ಡು ವಾಪಸ್ ಬರುತ್ತದೆಂದು ಕನಸು ಕಾಣಬೇಡಿ. ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್‌ಗೋತ್ರಾ ಹೂಡಿದ್ದ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕೆಟ್ಟ ಭಾಗ ಬದಲಿಸುತ್ತೇವೆ ಎಂದು ವಾರಂಟಿಯಲ್ಲಿದ್ದರೆ ಸಿಗುವುದು ಭಾಗ, ಕಾರಲ್ಲ. ಅದು ಹೊಸ ಕಾರಿನ ಮಾತು. ಹಳೇ ಕಾರಿನಲ್ಲಿ ದೋಷ ಮಾರುವಾಗಲೇ ಇತ್ತೆಂದು ತೋರಿಸುವುದು ಇನ್ನೂ ಕಷ್ಟ, ತಜ್ಞರ ವರದಿ ಬೇಕಾಗಬಹುದು.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಬರೆಸಿದೆ, ಶಿವಮೊಗ್ಗದ ವಕೀಲರೊಬ್ಬರಿಂದ ನೋಟಿಸು ಕಳಿಸಿದೆ. ಆಯೋಗದವರೆಗೆ ಹೋಗಲಿಲ್ಲ. ಕಂಪನಿ ಆಕ್ಚುಯೇಟರನ್ನು ಹಾಕಿಸಿಕೊಟ್ಟಿತು. ಕ್ಲಚ್ಚು ನನ್ನ ಖರ್ಚು, ಕೂಲಿಯಲ್ಲಿ ಅರ್ಧ ನನ್ನದು. ಗೆದ್ದೆನೋ ಎಂದರೆ, ಎಳೆಸಿದ್ದು, ಬಾಡಿಗೆ ಗಾಡಿ, ವಕೀಲರ ಫೀಸು, ಕೆಲಸ ಬಿಟ್ಟು ಅಲೆದದ್ದು ಎಲ್ಲ ಸೇರಿಸಿದಾಗ ಒಂದು ವರ್ಷಕ್ಕೆ ಅರವತ್ತು ಸಾವಿರದ ಹತ್ತಿರ ಬಂತು. ಕೊಂಡದ್ದು ಸಾಲದಲ್ಲಿ, ಹಳೇ ಕಾರಿನ ಸಾಲಕ್ಕೆ ಹೊಸದಕ್ಕಿಂತ ಬಡ್ಡಿಯೂ ಜಾಸ್ತಿ. ಕಂತು ಬೇರೆ, ಗ್ಯಾರೇಜು ಬೇರೆ. ಎರಡು ಬಾಯಿಗೆ ಒಂದೇ ಸಂಬಳ.

ಈಗ ಯಾರಾದರೂ ಸಲಹೆ ಕೇಳಿದರೆ ದೂರದ ವಾರಂಟಿಗೆ ಸೊನ್ನೆ ಬೆಲೆ ಕಟ್ಟಿ ಲೆಕ್ಕ ಶುರು ಮಾಡಿ ಎನ್ನುತ್ತೇನೆ. ಬೆಲೆಯ ಹತ್ತನೇ ಒಂದು ಪಾಲನ್ನು ಕೊಳ್ಳುವ ದಿನವೇ ಬೇರೆ ಖಾತೆಗೆ ಹಾಕಿ. ಅಷ್ಟು ಉಳಿಯದಿದ್ದರೆ ಇನ್ನೂ ಕಡಿಮೆ ಬೆಲೆಯ ಗಾಡಿ ನೋಡಿ. ಊರಿನ ಗ್ಯಾರೇಜಿನವರು ಯಾವ ಗಾಡಿ ಬಿಚ್ಚಬಲ್ಲರು ಎಂದು ಮೊದಲೇ ಕೇಳಿ. ಸರ್ವೀಸ್ ಹಿಸ್ಟರಿಯನ್ನು ಕಾರು ತಯಾರಿಸಿದ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ತೆಗೆಸಿ. ಮೀಟರು ಹಿಂದಕ್ಕೆ ತಿರುಗಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಕೊನೆಗೆ ನಮ್ಮ ಕಾರನ್ನು ಶಿವಮೊಗ್ಗದ ಪರಿಚಯಸ್ಥರೊಬ್ಬರು ಎಲ್ಲ ಬಿಲ್ಲುಗಳನ್ನೂ ನೋಡಿ ಮೂರು ಲಕ್ಷ ಇಪ್ಪತ್ತು ಸಾವಿರಕ್ಕೆ ಕೊಂಡರು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಅವರ ಮನೆಗೆ ಹತ್ತಿರ, ಎಎಂಟಿ ಸ್ಕ್ಯಾನ್ ಮಾಡುವವರು ಅವರಿಗೆ ಗೊತ್ತು. ‘ನಿಮಗೆ ತಲೆನೋವಾದ ಗಾಡಿ ನಮಗೆ ಆಗಲಿಕ್ಕಿಲ್ಲ ಬಿಡಿ’ ಎಂದರು. ಇರಬಹುದು. ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟೆ. ಆರ್‌ಸಿಯಲ್ಲಿ ಅವರ ಹೆಸರು ಬರುವವರೆಗೆ ವಾರಕ್ಕೊಮ್ಮೆ ಎಂಪರಿವಾಹನ್ ಆ್ಯಪ್ ತೆಗೆದು ನೋಡುತ್ತಿದ್ದೆ. ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ದಾಖಲೆಯಲ್ಲಿರುವ ಮಾಲೀಕನೇ ಹೊಣೆ ಎಂದು ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಾರು ಮಾರಿ ಕೈ ತೊಳೆದುಕೊಂಡೆವೆಂದು ಕೂತವರು ನಮ್ಮ ತಾಲ್ಲೂಕಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ಆ ಆ್ಯಪ್‌ನಲ್ಲಿ ನಿಮ್ಮ ಹಳೇ ನಂಬರನ್ನೂ ಇವತ್ತೇ ಒಮ್ಮೆ ಹೊಡೆದು ನೋಡಿ.