ಮುದ್ರಿತ ಗಾಯನವನ್ನು ತಿದ್ದುವ ಬಗೆ

ಬರೆದ ಪಾಠದಲ್ಲಿ ತಪ್ಪಿದ್ದರೆ ಅಳಿಸಿ ತಿದ್ದಬಹುದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಹಾಡಿನಲ್ಲಿ ಅಪಸ್ವರವು ಹೊರಟುಹೋದ ಮೇಲೆ ಅದನ್ನು ತಿದ್ದುವುದೆಂತು? ಟೇಪಿನ ಕಾಲದಲ್ಲಿ ಪುನಃ ಹಾಡಿಸಬೇಕಾಗಿತ್ತು. ಇಲ್ಲವೆ ಟೇಪನ್ನು ಅಲಗಿನಿಂದ ಕತ್ತರಿಸಿ, ಕೆಟ್ಟ ಭಾಗವನ್ನು ತೆಗೆದು, ಒಳ್ಳೆಯದನ್ನು ಅಂಟಿಸಬೇಕಾಗಿತ್ತು.

ಕಂಪ್ಯೂಟರಿನಲ್ಲಿಯಾದರೋ ಧ್ವನಿಯು ಅಂಕಿಗಳ ಸಾಲಾಗಿ ನಿಲ್ಲುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಅಲೆಯ ಎತ್ತರವನ್ನು ಅಳೆದು ಬರೆದಿರುವುದು. ಅಂಕಿಗಳನ್ನು ಬದಲಿಸಿದರೆ ಧ್ವನಿಯೂ ಬದಲಾಗುವುದು.

ಭೂಗರ್ಭದಲ್ಲಿ ಎಣ್ಣೆಯನ್ನು ಹುಡುಕುವುದಕ್ಕಾಗಿ ಕಂಪನಗಳ ಗಣಿತವನ್ನು ಮಾಡುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದವರು ಅದೇ ಗಣಿತವನ್ನು ಕಂಠಕ್ಕೆ ಅನ್ವಯಿಸಿ, 1997ರಲ್ಲಿ ಆಟೋ-ಟ್ಯೂನ್ ಎಂಬ ಸಾಫ್ಟ್‌ವೇರನ್ನು ಹೊರತಂದರು. ಅದು ಅಲೆಯನ್ನು ಅದರೊಡನೆಯೇ ಹೋಲಿಸಿ, ಎಷ್ಟು ಹೊತ್ತಿಗೊಮ್ಮೆ ಮರಳುತ್ತದೆಂದು ಕಂಡುಹಿಡಿದು, ಸ್ವರವನ್ನು ಸಮೀಪದ ಸರಿಯಾದ ಸ್ಥಾನಕ್ಕೆ ಸರಿಸುತ್ತದೆ. 2009ರಲ್ಲಿ ಜರ್ಮನಿಯ ಮೆಲೊಡೈನ್, ಏಕಕಾಲದಲ್ಲಿ ನುಡಿದ ಹಲವು ಸ್ವರಗಳಲ್ಲಿ ಒಂದನ್ನು ಮಾತ್ರ ತಿದ್ದಲು ಶಕ್ತವಾಯಿತು. 2023ರಲ್ಲಿ ಹೊರಬಂದ ಬೀಟಲ್ಸರ ಕಡೆಯ ಹಾಡಿನಲ್ಲಿ, ಹಳೆಯ ಕ್ಯಾಸೆಟ್ಟಿನಲ್ಲಿ ಪಿಯಾನೋದೊಡನೆ ಬೆರೆತಿದ್ದ ಜಾನ್ ಲೆನನ್ನರ ಕಂಠವನ್ನು ಯಂತ್ರವೇ ಬೇರ್ಪಡಿಸಿತು. 1995ರಲ್ಲಿ ಉಳಿದ ಮೂವರು ಯತ್ನಿಸಿ ಕೈಬಿಟ್ಟ ಕೆಲಸವಿದು!

ಆದರೆ ಒಂದು ಎಚ್ಚರಿಕೆ. ಈ ತಿದ್ದುವಿಕೆಯು ಸಾಮಾನ್ಯವಾಗಿ ಹಾರ್ಮೋನಿಯಮ್ಮಿನ ಮನೆಗಳಂತೆ ಹನ್ನೆರಡು ಸ್ಥಾನಗಳನ್ನೇ ಅಳತೆಗೋಲಾಗಿ ಹಿಡಿಯುತ್ತದೆ. ಗಮಕದಲ್ಲಿ ಕಂಠವು ಆ ಮನೆಗಳ ನಡುವೆಯೇ ಓಲಾಡುವುದಷ್ಟೆ; ಲೆಕ್ಕವನ್ನು ಬಿಗಿಯಾಗಿಟ್ಟರೆ ಯಂತ್ರವು ಅದನ್ನೂ ತಪ್ಪೆಂದೆಣಿಸಿ ಮಟ್ಟಮಾಡಿಬಿಡುವುದು.

ಇದನ್ನು ನಾವು ಅನುಭವದಿಂದಲೇ ಕಲಿತೆವು. ಈಗ ನಮ್ಮೊಂದಿಗಿಲ್ಲದ ಸಂಗೀತದ ಅಮ್ಮನವರು ಹುಡುಗಿಯರೊಡನೆ ಹಾಡಿದ ಕ್ಯಾಸೆಟ್ಟೊಂದು ನಮ್ಮಲ್ಲಿದೆ. ಅದನ್ನು ಶುದ್ಧಿಮಾಡಿಸಲು ಒಂದು ಅಂಗಡಿಗೆ ಕೊಟ್ಟೆವು. ಮರಳಿ ಬಂದ ಹಾಡಿನಲ್ಲಿ ತಪ್ಪು ಒಂದೂ ಇರಲಿಲ್ಲ, ಅಮ್ಮನವರೂ ಇರಲಿಲ್ಲ. ಅವರು ಸ್ವರವನ್ನು ಕೆಳಗಿನಿಂದ ಎತ್ತಿಕೊಳ್ಳುತ್ತಿದ್ದ ರೀತಿ, ಚರಣದ ಮುಂಚಿನ ಉಸಿರು, ಹಿಂದಿನ ಸಾಲಿನಲ್ಲಿ ಯಾವಳೋ ಮುಂದಾಗಿ ಎತ್ತಿದ ದನಿ, ಎಲ್ಲವೂ ಮಾಯವಾಗಿದ್ದವು. ಕ್ಯಾಸೆಟ್ ಕೆಡದಿದ್ದುದು ನಮ್ಮ ಪುಣ್ಯ. ಎರಡನೆಯ ಸಲ ನಾವೇ ಕುಳಿತು, 2000ದಿಂದ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿಯಲ್ಲಿ, ಹಾಡಿಲ್ಲದ ಎಡೆಯ ಬುಸುಗುಟ್ಟುವಿಕೆಯನ್ನು ಮಾದರಿಯಾಗಿ ತೋರಿಸಿ, ಅಷ್ಟನ್ನು ಮಾತ್ರ ತಗ್ಗಿಸಿದೆವು.

ಇಂಥ ಕ್ಯಾಸೆಟ್ಟುಗಳು ಮನೆಯಲ್ಲಿರುವ ತಾಯಿತಂದೆಗಳು ಮೊದಲು ಏನನ್ನೂ ತಿದ್ದದೆ ಒಂದು ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿ, ಬೇರೆಯಾಗಿ ಇರಿಸತಕ್ಕದ್ದು; ತಿದ್ದುವುದೆಲ್ಲವೂ ಎರಡನೆಯ ಪ್ರತಿಯಲ್ಲಿ.