ಹೊಂಗೆ ಎಂಬ ಹೆಸರಿನ ಮೂಲವೂ ಅದರ ಪ್ರಯೋಜನವೂ

ಹೊಲದ ಬದುಗಳಲ್ಲಿಯೂ ಕೆರೆಯ ಏರಿಗಳಲ್ಲಿಯೂ ಬೆಳೆಯುವ ಹೊಂಗೆಯನ್ನು ಅರಿಯದ ರೈತನು ನಮ್ಮಲ್ಲಿ ವಿರಳ. ಯುಗಾದಿಯ ಸುಮಾರಿಗೆ ಹೊಸ ಚಿಗುರಿನೊಡನೆ ನಸುಗೆಂಪು ಬೆರೆತ ಬಿಳಿಯ ಹೂಗಳು ಗೊಂಚಲುಗೊಂಚಲಾಗಿ ಬಿಡುತ್ತವೆ. ಹೂವಿನ ಆಕಾರದಿಂದಲೂ ಕಾಯಿಯಿಂದಲೂ ಇದು ಅವರೆ, ತೊಗರಿಗಳ ವರ್ಗಕ್ಕೆ ಸೇರಿದ ಮರವೆಂದು ತಿಳಿಯತಕ್ಕದ್ದು. ಇಷ್ಟು ಪರಿಚಿತವಾದ ಮರದ ಹೆಸರನ್ನು ಕುರಿತು ಬರೆಯುವುದಕ್ಕೆ ಕಾರಣವುಂಟು.

ಕೆಲವು ವರ್ಷಗಳ ಕೆಳಗೆ ಒಂದು ಗ್ರಾಮದ ಸಭೆಯಲ್ಲಿ, ಬತ್ತದ ಗದ್ದೆಗೆ ‘ಕರಂಜದ ಹಿಂಡಿ’ಯನ್ನು ಹಾಕಬೇಕೆಂದು ನಾವು ಉಪನ್ಯಾಸ ಮಾಡಿದೆವು. ಜಮೀನುದಾರರೊಬ್ಬರು ಅದು ಯಾವುದೋ ಪರಸ್ಥಳದ ಗೊಬ್ಬರವೆಂದು ಭಾವಿಸಿ ಪಟ್ಟಣದಿಂದ ಚೀಲಗಟ್ಟಲೆ ತರಿಸಿದರು. ಅವರದೇ ಬದುವಿನ ಹೊಂಗೆಯ ಕಾಯಿಗಳು ಆ ವರ್ಷ ಆರಿಸುವವರಿಲ್ಲದೆ ಮಣ್ಣುಪಾಲಾದುವು. ತಪ್ಪು ಅವರದಲ್ಲ, ಊರಿನ ಹೆಸರನ್ನು ಬಿಟ್ಟು ಪುಸ್ತಕದ ಹೆಸರನ್ನು ಹೇಳಿದ ನಮ್ಮದು.

ಹೊಂಗೆ ಎಂಬುದು ಹೊನ್ನು ಎಂಬ ಶಬ್ದದಿಂದ ಬಂದಿತೆಂದು ಊಹಿಸುವುದು ಸುಲಭ. ಆದರೆ ಇದರ ಹೂವು ಹೊನ್ನಿನ ಬಣ್ಣದ್ದಲ್ಲ. ಹಳಗನ್ನಡದ ಪಾಲ್, ಪುಲಿ, ಪೂ ಎಂಬ ಶಬ್ದಗಳು ಕಾಲಕ್ರಮದಲ್ಲಿ ಹಾಲು, ಹುಲಿ, ಹೂ ಎಂದಾದುವು. ಅದೇ ನಿಯಮದಂತೆ ಹೊಂಗೆಯ ಮೊದಲಿನ ರೂಪವು ‘ಪೊಂಗೆ’ ಎಂದಾಗುತ್ತದೆ. ತಮಿಳಿನ ಪುಂಗು, ಪುಂಗಂ ಎಂಬುವು ಇದರ ಸೋದರ ಶಬ್ದಗಳು. ಮಲೆಯಾಳ ಸೀಮೆಯ ಗಿಡಮರಗಳನ್ನು ಕುರಿತು 1678ರಿಂದ 1693ರ ವರೆಗೆ 12 ಸಂಪುಟಗಳಲ್ಲಿ ಅಚ್ಚಾದ ‘ಹಾರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಈ ಮರವು ‘ಪೊಂಗಂ’ ಎಂದು ದಾಖಲಾಯಿತು. ಸಸ್ಯಶಾಸ್ತ್ರದ ‘ಪೊಂಗೇಮಿಯ’ ಎಂಬ ಹೆಸರಿಗೆ ಇದೇ ಮೂಲ. ಅದರೊಡನೆ ಸೇರುವ ‘ಪಿನ್ನೇಟ’ ಎಂಬುದು 1753ರಲ್ಲಿ ಲಿನೇಯಸನು ಕೊಟ್ಟ ವಿಶೇಷಣ. ಗರಿಯಂತೆ ಎರಡು ಕಡೆಯೂ ಎಲೆಗಳುಳ್ಳದ್ದು ಎಂದು ಅದರ ಅರ್ಥ. ಆದುದರಿಂದ ವಿದೇಶದ್ದೆಂದು ತೋರುವ ಈ ಹೆಸರು ನಮ್ಮ ಹೊಂಗೆಯ ನಂಟೇ ಸರಿ.

ವ್ಯಾಪಾರದಲ್ಲಿ ಸಂಸ್ಕೃತದ ಕರಂಜ, ತೆಲುಗಿನ ಕಾನುಗ ಎಂಬ ಹೆಸರುಗಳಿಂದ ಬರುವುದೂ ಇದೇ ವಸ್ತು. ಆದರೆ ಲತಾಕರಂಜವೆಂಬುದು ಬೇರೆ. ಅದು ಮುಳ್ಳಿನ ಬಳ್ಳಿಯಾದ ಗಜ್ಜುಗ. ಹಳದಿ ಹೂ ಬಿಡುವ ಹೊನ್ನೆಯೂ ಬೇರೆ ಮರ. ಬೀಜ ಕೊಳ್ಳುವವರು ಕಾಯಿಯನ್ನು ನೋಡಿ ಗೊತ್ತುಮಾಡಿಕೊಳ್ಳಬೇಕು. ಹೊಂಗೆಯ ಕಾಯಿ ಚಪ್ಪಟೆ, ಗಟ್ಟಿ, ತುದಿಯಲ್ಲಿ ಕೊಂಚ ಬಾಗಿದ್ದು. ಒಳಗೆ ಸಾಮಾನ್ಯವಾಗಿ ಒಂದೇ ಬೀಜವಿರುತ್ತದೆ.

ಬೀಜದಲ್ಲಿ ನೂರಕ್ಕೆ ಸುಮಾರು 30 ಪಾಲು ಎಣ್ಣೆಯುಂಟು. ಹಿಂದೆ ಮನೆಮನೆಯ ದೀಪ ಉರಿದುದು ಇದರಿಂದಲೇ. ಹಿಂಡಿಯಲ್ಲಿ ನೂರಕ್ಕೆ ಸುಮಾರು 4 ಪಾಲು ಸಾರಜನಕವಿರುವುದರಿಂದ ಅದು ಉತ್ತಮ ಗೊಬ್ಬರ. ಹಿಂಡಿಯೆಂಬ ಹೆಸರನ್ನು ನಂಬಿ ದನಗಳಿಗೆ ಮಾತ್ರ ಇಡಬಾರದು. ಅದರಲ್ಲಿ ಕಹಿಯೂ ವಿಷಕರವೂ ಆದ ಸತ್ವಗಳಿವೆ. ಸೊಪ್ಪನ್ನು ನಾಟಿಗೆ ಮುಂಚೆ ಗದ್ದೆಯಲ್ಲಿ ತುಳಿಸಿ ಕೊಳೆಸುವ ಪದ್ಧತಿಯು ಬಿಡತಕ್ಕದ್ದಲ್ಲ.

ಗ್ರಾಮದ ಮುಖ್ಯಸ್ಥರು ತಮ್ಮ ಎಲ್ಲೆಯಲ್ಲಿರುವ ಹೊಂಗೆಗಳನ್ನು ಒಮ್ಮೆ ಎಣಿಸಿ, ಕಾಯಿ ಮಾಗಿದಾಗ ಆರಿಸುವ ಏರ್ಪಾಡು ಮಾಡಬೇಕೆಂದು ಕೋರುತ್ತೇವೆ. ಮನೆಯ ಬಾಗಿಲಲ್ಲಿರುವುದನ್ನು ಬೇರೆ ಹೆಸರಿನಿಂದ ಹಣ ತೆತ್ತು ತರುವ ನಷ್ಟವು ಇನ್ನೊಬ್ಬರಿಗೆ ಬಾರದಿರಲಿ.