ಮೊದಲು ಮಗುಚಿ ನೋಡಿ, ಪಾಲಿಶ್ ಆಮೇಲೆ

ಬೆಂಗಳೂರಿನ ಶ್ರೀನಗರದಲ್ಲಿ ಹಳೆ ಮರದ ಸಾಮಾನು ರಿಪೇರಿ ಮಾಡುವುದು ನನ್ನ ಕಸುಬು. ಹನುಮಂತನಗರ, ಗವೀಪುರ, ಬಸವನಗುಡಿಗಳಲ್ಲಿ ಹೆಂಚಿನ ಮನೆ ಕೆಡವಿ ಮಹಡಿ ಎಬ್ಬಿಸುವಾಗ ಮಂಚ, ಬೀರು, ಮೇಜುಗಳು ನಮ್ಮಲ್ಲಿಗೆ ಬರುತ್ತವೆ. "ಆಚಾರ್ರೇ, ಮುತ್ತಾತನ ಕಾಲದ್ದು, ಎಷ್ಟಕ್ಕೆ ಹೋಗುತ್ತೆ?" ಅಂತ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು:

1. ಮುಂಭಾಗ ನೋಡಿ ವಯಸ್ಸು ಹೇಳಬೇಡಿ. ಪ್ರತಿ ತಲೆಮಾರೂ ಅದಕ್ಕೆ ಏನಾದರೂ ಬಳಿದಿರುತ್ತದೆ. ಡ್ರಾಯರನ್ನು ಪೂರ್ತಿ ಹೊರಗೆಳೆದು ಮಗುಚಿ, ತಳದ ಹಲಗೆಯ ಮೇಲೆ ಬೆರಳಾಡಿಸಿ. ಕೈಯಲ್ಲಿ ಉಜ್ಜುಗೊರಡು ಹೊಡೆದ ಹಲಗೆಯಾದರೆ ಸಣ್ಣ ಏರಿಳಿತ ತಗಲುತ್ತದೆ. ಗರಗಸದ ಗೆರೆಗಳು ನೇರವಾಗಿದ್ದು ಅಂತರ ಹೆಚ್ಚುಕಡಿಮೆಯಿದ್ದರೆ ಕೈಯಲ್ಲಿ ಕೊಯ್ದದ್ದು. ಬಾಗಿದ ಗೆರೆಗಳಿದ್ದರೆ ಯಂತ್ರದ ಚಕ್ರಗರಗಸ. ತಳ ಪ್ಲೈವುಡ್ ಆಗಿದ್ದರೆ ಬೇಸರ ಬೇಡ, ಪಕ್ಕದ ಡ್ರಾಯರನ್ನೂ ಎಳೆದು ನೋಡಿ. ಎಷ್ಟೋ ಸಲ ಗೆದ್ದಲು ತಿಂದ ತಳವನ್ನಷ್ಟೇ ಯಾರೋ ಬದಲಿಸಿರುತ್ತಾರೆ.

2. ಬಿಟ್ಟುಕೊಂಡ ಕೀಲಿನೊಳಗೆ ಇಣುಕಿ. ಕಂದು ಬಣ್ಣದ, ಉಗುರು ತಾಗಿದರೆ ಪುಡಿಯಾಗಿ ಉದುರುವ ಅಂಟು ಸಾಮಾನ್ಯವಾಗಿ ಸರೇಸು, ಅಂದರೆ ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ ಹಳೆ ಕಾಲದ ಅಂಟು. ಫೆವಿಕಾಲ್ ಬಂದದ್ದೇ 1959ರಲ್ಲಿ, ಅದು ಕಂಡರೆ ಆ ಕೀಲನ್ನು ಕೂಡಿಸಿದ್ದು ಆಮೇಲೆ.

3. ಒಳಗೆ ಅಂಟಿಸಿದ ಚೀಟಿ, ಹಳೆ ಬಿಲ್ಲು ಕಿತ್ತು ಎಸೆಯಬೇಡಿ. ಅಂಗಡಿಯ ಚೀಟಿಯಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. "ಮೈಸೂರು ರಾಜ್ಯ" ಅಂತಿದ್ದರೆ ಬಹುಮಟ್ಟಿಗೆ 1973ರ ನವೆಂಬರ್‌ಗೆ ಮುಂಚಿನದು. ಬಿಲ್ಲಿನಲ್ಲಿ ಆಣೆ, ಪೈ ಕಾಲಮ್ಮುಗಳಿದ್ದರೆ 1957ಕ್ಕಿಂತ ಹಿಂದಕ್ಕೆ ಹೋಗಬಹುದು. ಆದರೆ ಡ್ರಾಯರಿಗೆ ಹಾಸಿದ ಪತ್ರಿಕೆಯ ತಾರೀಖು ಹಾಸಿದ ದಿನದ್ದೇ ಹೊರತು ಮೇಜು ಮಾಡಿದ ದಿನದ್ದಲ್ಲ.

4. ಕಪ್ಪಗಿರುವುದೆಲ್ಲ ಬೀಟೆಯಲ್ಲ. ತೇಗಕ್ಕೂ ಹಲಸಿಗೂ ಬಣ್ಣ ಹೊಡೆದು ಬೀಟೆ ಮಾಡಿದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಬಣ್ಣ ಮುಟ್ಟದ ಒಳಮೈ ನೋಡಿ: ಬೀಟೆಯಲ್ಲಿ ನೇರಳೆ ಮಿಶ್ರಿತ ಕಂದು, ನಡುನಡುವೆ ಕಪ್ಪು ಗೆರೆ, ಎತ್ತಿದರೆ ತೇಗಕ್ಕಿಂತ ಭಾರ.

5. ಬೆಲೆ ಗೊತ್ತಾಗುವ ಮೊದಲು ಪಾಲಿಶ್ ಮಾಡಿಸಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಕಾಲಿನ ಹಿಂಬದಿಯಂಥ ಮರೆಯ ಜಾಗಕ್ಕೆ ಒತ್ತಿ. ಮೈ ಅಂಟಂಟಾಗಿ ಹತ್ತಿಗೆ ಕಂದು ಹತ್ತಿದರೆ ಅದು ಅರಗಿನ ಹಳೆ ಪಾಲಿಶ್ ಇರಬೇಕು. ಅದನ್ನು ಮರಳು ಕಾಗದದಲ್ಲಿ ಉಜ್ಜಿ ಮೆಲಮೈನ್ ಹೊಡೆದರೆ ದಶಕಗಟ್ಟಲೆ ಕೈ ಆಡಿ ಬಂದ ಹೊಳಪು ಒಂದೇ ಮಧ್ಯಾಹ್ನದಲ್ಲಿ ಹೋಗುತ್ತದೆ. ಬಲ್ಲ ಗಿರಾಕಿ ದುಡ್ಡು ಕೊಡುವುದು ಆ ಹೊಳಪಿಗೆ. ಧೂಳು ಒರೆಸಿ, ಅಷ್ಟು ಸಾಕು.

6. ಮೈಸೂರಿನ ಕೆತ್ತಿ ಕೂಡಿಸಿದ (ಇನ್‌ಲೇ) ಬೀಟೆ ಮೇಜಾದರೆ, ಕೂಡಿಸಿದ ಬಿಳಿ ತುಂಡು ಏನೆಂದು ಮೊದಲು ತಿಳಿಯಿರಿ. ಹಿಂದೆ ಆನೆದಂತ ಬಳಸುತ್ತಿದ್ದರು, ಈಗ ಪ್ಲಾಸ್ಟಿಕ್. ದಂತವಾದರೆ ಎಷ್ಟೇ ಚೆಂದವಿರಲಿ, ಮಾರುವ ಮಾತೇ ಇಲ್ಲ, ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

7. ಬೆಲೆಯನ್ನು ಒಬ್ಬರಿಂದಲೇ ಕೇಳಬೇಡಿ, ಕೊಳ್ಳಲು ಬಂದವರಿಂದಂತೂ ಬೇಡ. ಹಳೆ ಸಾಮಾನಿನವರು ಅನೇಕರು ಮರದ ತೂಕಕ್ಕೆ ಲೆಕ್ಕ ಹಾಕುತ್ತಾರೆ, ಕೆಲಸಗಾರಿಕೆಗಲ್ಲ. ನಾಲ್ಕು ಕಂಬದ ದೊಡ್ಡ ಮಂಚ ಇಂದಿನ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವುದಿಲ್ಲ, ಹಾಗಾಗಿ ಚಿಕ್ಕ ಬರೆಯುವ ಮೇಜಿಗೆ ಅದಕ್ಕಿಂತ ಬೇಗ ಗಿರಾಕಿ ಸಿಗುತ್ತಾರೆ. ಮಂಚದ ಕಂಬ, ಚೌಕಟ್ಟುಗಳನ್ನು ಬಿಚ್ಚಿಟ್ಟರೆ ಪ್ರತಿ ಕೀಲಿಗೂ ಸೀಮೆಸುಣ್ಣದಲ್ಲಿ ಜೋಡಿ ಗುರುತು ಹಾಕಿ, ಬೋಲ್ಟುಗಳನ್ನು ಡಬ್ಬಿಗೆ ತುಂಬಿ ಚೌಕಟ್ಟಿಗೇ ಕಟ್ಟಿಡಿ.